ಗೋಧಿವರ್ಜಿತ ಆಹಾರ ಮತ್ತು ದೇಹದ ತೂಕ: ಒಂದು ಪರಿಶೀಲನೆ

ಈಚಿನ ವರ್ಷಗಳಲ್ಲಿ ಪಟ್ಟಣವಾಸಿಗಳ ನಡುವೆ ಆಹಾರವನ್ನು ಕುರಿತಾದ ಮಾತೊಂದು ಬಹುವಾಗಿ ಹಬ್ಬಿದೆ. ಗೋಧಿಯನ್ನು ಬಿಟ್ಟರೆ ಮೈ ಇಳಿಯುತ್ತದೆ ಎಂಬುದೇ ಆ ಮಾತು. ಚಪಾತಿಯನ್ನು ತೊರೆದು ಜೋಳದ ರೊಟ್ಟಿಗೆ ಮರಳಿದವರು ಕೆಲವೇ ತಿಂಗಳಲ್ಲಿ ನಾಲ್ಕಾರು ಕಿಲೋ ತೂಕ ಕಳೆದುಕೊಂಡುದಾಗಿ ಹೇಳುವುದುಂಟು. ಅವರ ಮಾತನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ತೂಕ ಇಳಿಯಿತೆಂಬುದು ಒಂದು ಸಂಗತಿ. ಗೋಧಿಯನ್ನು ಬಿಟ್ಟುದರಿಂದಲೇ ಇಳಿಯಿತೆಂಬುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಕಂಡದ್ದು, ಎರಡನೆಯದು ಊಹೆ. ಇದಕ್ಕೂ ವಿಚಿತ್ರವಾದ ಸಂಗತಿಯೊಂದಿದೆ. ಆಧುನಿಕ ವೈದ್ಯಶಾಸ್ತ್ರವು ಗೋಧಿಯಿಲ್ಲದ ಪಥ್ಯವನ್ನು ರೂಪಿಸಿದ್ದು ಸ್ಥೂಲರನ್ನು ಇಳಿಸುವುದಕ್ಕಲ್ಲ, ಒಣಗಿ ಕಡ್ಡಿಯಾಗಿದ್ದ ಮಕ್ಕಳ ತೂಕವನ್ನು ಏರಿಸುವುದಕ್ಕೆ. ಒಂದೇ ಪಥ್ಯವು ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಏರಿಸುವುದೆಂತು ಎಂಬುದು ವಿಚಾರಾರ್ಹವಾಗಿದೆ.

ಉತ್ತರ ಕರ್ನಾಟಕದವರಿಗೆ ಗೋಧಿಯಿಲ್ಲದ ಊಟ ಹೊಸದೇನೂ ಅಲ್ಲ. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು ಸೀಮೆಗಳಲ್ಲಿ ಎರಡು ತಲೆಮಾರುಗಳ ಹಿಂದೆ ದಿನದ ಊಟವೆಂದರೆ ಜೋಳದ ರೊಟ್ಟಿಯೇ ಆಗಿತ್ತು. ಎರೆಭೂಮಿಯ ಹಿಂಗಾರಿ ಜೋಳ, ಅದರೊಡನೆ ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಗೋಧಿಯು ಹಬ್ಬದ ಧಾನ್ಯ. ಹೋಳಿಗೆಗೆ, ಶ್ಯಾವಿಗೆಗೆ, ಜಾತ್ರೆಯ ದಾಸೋಹದಲ್ಲಿ ಬೆಲ್ಲ ಸೇರಿಸಿ ಬೇಯಿಸುವ ಹುಗ್ಗಿಗೆ ಅದನ್ನು ಕಾದಿಡುತ್ತಿದ್ದರು. ಮಠದ ಪಂಕ್ತಿಯಲ್ಲಿ ಕುಳಿತವನಿಗೆ ಹುಗ್ಗಿ ಬಡಿಸಿದರೆಂದರೆ ಅಂದು ವಿಶೇಷವುಂಟೆಂದೇ ಅರ್ಥ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡತಳಿಯ ಗೋಧಿಬೀಜ ಭಾರತಕ್ಕೆ ಬಂದು, ಹಸಿರು ಕ್ರಾಂತಿಯಿಂದ ಗೋಧಿಯು ಸುಲಭವಾಗಿ ದೊರೆಯತೊಡಗಿದ ಮೇಲೆ ಹಬ್ಬದ ಧಾನ್ಯ ದಿನದ ಧಾನ್ಯವಾಯಿತು. ಬೆಳಿಗ್ಗೆ ಉಪ್ಪಿಟ್ಟು, ಶಾಲೆಗೆ ಚಪಾತಿ, ಸಂಜೆಯ ಚಹಕ್ಕೆ ಬಿಸ್ಕೀಟು, ರಾತ್ರಿ ಮತ್ತೆ ಚಪಾತಿ. ಹೀಗೆ ಮೂರು ಹೊತ್ತೂ ಗೋಧಿಯೇ ಆಗಿರುವ ಮನೆಗಳು ಈಗ ವಿರಳವಲ್ಲ.

ಆಯುರ್ವೇದವು ಈ ಭೇದವನ್ನು ಬಹುಹಿಂದೆಯೇ ಗಮನಿಸಿತ್ತು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲ ಹಾಗೂ ಅತಿಕೃಶ ದೇಹಗಳನ್ನು ಕುರಿತದ್ದು. ಕೃಶನಾದವನನ್ನು ಪುಷ್ಟಗೊಳಿಸುವ ಪದಾರ್ಥಗಳಲ್ಲಿ ಅಲ್ಲಿ ಅಕ್ಕಿ, ಉದ್ದು, ಬೆಲ್ಲದ ತಿನಿಸುಗಳ ಜೊತೆಗೆ ಗೋಧಿಯನ್ನೂ ಎಣಿಸಲಾಗಿದೆ. ಸ್ಥೂಲನಿಗೆ ಹೇಳಿದ ಧಾನ್ಯಗಳಲ್ಲಾದರೋ ಸಾಮೆ, ಹಾರಕ, ಹೆಸರು, ಹುರುಳಿ, ಯವ ಮೊದಲಾದವು ಬರುತ್ತವೆ; ಜೋಳವೆಂದು ಅರ್ಥಮಾಡಲಾಗುವ ಜೂರ್ಣಾಹ್ವವೂ ಆ ಪಟ್ಟಿಯಲ್ಲಿದೆ. ಇದನ್ನು ಕಂಡು ಗೋಧಿವಿರೋಧಿಗಳು ಹಿಗ್ಗಬಹುದು. ಆದರೆ ಆ ಅಧ್ಯಾಯದ ಮುಖ್ಯಸೂತ್ರ ಬೇರೆಯೇ ಆಗಿದೆ: ಸ್ಥೂಲನಿಗೆ ಕೊಡುವ ಆಹಾರವು ಜೀರ್ಣವಾಗಲು ಭಾರವಾಗಿರಬೇಕು, ಪೋಷಣೆಯಲ್ಲಿ ಹಗುರವಾಗಿರಬೇಕು. ಅದರೊಡನೆ ವ್ಯಾಯಾಮ ಮತ್ತು ನಿದ್ರೆಯ ಮಿತಿಯನ್ನೂ ಹೇಳಿದೆ. ಪಟ್ಟಿಯಲ್ಲಿನ ಯವವು ಗೋಧಿಯ ಹತ್ತಿರದ ಬಂಧುವೆಂಬುದನ್ನೂ ಮರೆಯಲಾಗದು.

ಇನ್ನು ಅಂಕಿಗಳನ್ನು ನೋಡಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಪ್ರಕಟಿಸಿ, ದಶಕಗಳ ಕಾಲ ನಮ್ಮ ಪಠ್ಯಪುಸ್ತಕಗಳಿಗೆಲ್ಲ ಆಧಾರವಾಗಿದ್ದ ಕೋಷ್ಟಕದ ಪ್ರಕಾರ 100 ಗ್ರಾಂ ಗೋಧಿಹಿಟ್ಟಿನಲ್ಲಿ 341 ಕ್ಯಾಲೊರಿಗಳಿವೆ. ಜೋಳದಲ್ಲಿ 349, ಸಜ್ಜೆಯಲ್ಲಿ 361, ರಾಗಿಯಲ್ಲಿ 328, ಅಕ್ಕಿಯಲ್ಲಿ 345, ಮೈದಾಹಿಟ್ಟಿನಲ್ಲಿ 348. ಸಸಾರಜನಕದಲ್ಲಿ ಗೋಧಿಹಿಟ್ಟು 12.1 ಗ್ರಾಂ, ಜೋಳ 10.4 ಗ್ರಾಂ. ಗೋಧಿಹಿಟ್ಟಿಗಿಂತ ಜೋಳದ ಹಿಟ್ಟಿನಲ್ಲಿ ಶಕ್ತಿಯು ಒಂದು ಕೂದಲೆಳೆಯಷ್ಟು ಹೆಚ್ಚೇ ಇರುವಾಗ, ಗೋಧಿಯ ಬದಲು ಜೋಳವನ್ನು ಅಷ್ಟೇ ತೂಕದಲ್ಲಿ ಉಂಡವನು ಇಳಿಯುವುದಕ್ಕೆ ಧಾನ್ಯದೊಳಗೆ ಕಾರಣವಿಲ್ಲ.

ಕಾರಣವನ್ನು ಧಾನ್ಯದ ಹೊರಗೆ ಹುಡುಕಬೇಕು. ಗೋಧಿಯು ಒಂಟಿಯಾಗಿ ತಟ್ಟೆಗೆ ಬರುವುದಿಲ್ಲ. 60 ಗ್ರಾಂ ರವೆಯಲ್ಲಿ ಸುಮಾರು 210 ಕ್ಯಾಲೊರಿಗಳಿದ್ದರೆ, ಅದನ್ನು ಉಪ್ಪಿಟ್ಟಾಗಿಸಲು ಹಾಕಿದ 15 ಗ್ರಾಂ ಎಣ್ಣೆ ಇನ್ನು 135ನ್ನು ಸೇರಿಸುತ್ತದೆ. ಶಿರಾ ಮಾಡಿದರೆ ತುಪ್ಪ ಸಕ್ಕರೆಗಳು ರವೆಯನ್ನೇ ಮೀರಿಸುತ್ತವೆ. ಚಪಾತಿಗೆ ಎಣ್ಣೆ, ಪೂರಿಗೆ ಕಡಾಯಿ ತುಂಬ ಎಣ್ಣೆ, ಬಿಸ್ಕೀಟಿಗೆ ವನಸ್ಪತಿಯೂ ಸಕ್ಕರೆಯೂ. ಖಾರಿ, ಟೋಸ್ಟು, ಕೇಕು, ಸಮೋಸಾಗಳ ಮಾತು ಹೇಳಬೇಕಾದ್ದೇ ಇಲ್ಲ. ಗೋಧಿಯನ್ನು ಬಿಡುತ್ತೇನೆಂದು ಸಂಕಲ್ಪ ಮಾಡಿದವನು ತನಗರಿವಿಲ್ಲದೆಯೇ ಬೇಕರಿಯನ್ನು ಬಿಡುತ್ತಾನೆ. ಸಂಜೆಯ ಚಹದೊಡನೆ ಹೋಗುತ್ತಿದ್ದ ನಾಲ್ಕು ಬಿಸ್ಕೀಟುಗಳನ್ನು ಬಿಡುತ್ತಾನೆ. ಮದುವೆಮನೆಯಲ್ಲಿ ಅರ್ಧ ಊಟವನ್ನು ಬಿಡುತ್ತಾನೆ. ಜೋಳದ ರೊಟ್ಟಿಗೆ ಎಣ್ಣೆ ಬೇಡ. ಎಸರು ಹಾಕಿ ನಾದಿ, ಕೈಯಿಂದ ಬಡಿದು, ಹಂಚಿನ ಮೇಲೆ ನೀರು ಸವರಿ ಬೇಯಿಸುವ ರೊಟ್ಟಿಯನ್ನು ಅಗಿಯಲು ಹೊತ್ತು ಹಿಡಿಯುತ್ತದೆ. ಕಡಕ್ ರೊಟ್ಟಿಯಾದರಂತೂ ಹಲ್ಲಿಗೇ ಕಾಯಕ. ಪಲ್ಯವೂ ಕಾಳೂ ಇಲ್ಲದೆ ಅದು ಗಂಟಲಲ್ಲಿಳಿಯದು. ಹೀಗೆ ತಟ್ಟೆಯ ಸ್ವರೂಪವೇ ಬದಲಾಗುತ್ತದೆ, ಕೀರ್ತಿ ಮಾತ್ರ ಗೋಧಿಯ ಗೈರುಹಾಜರಿಗೆ ಸಲ್ಲುತ್ತದೆ. ಅದೇ ಮನುಷ್ಯ ರೊಟ್ಟಿಯ ಮೇಲೆ ಬೆಣ್ಣೆಯನ್ನೂ ಶೇಂಗಾ ಹಿಂಡಿಯನ್ನೂ ಧಾರಾಳವಾಗಿ ಹಾಕಿಕೊಂಡನೆಂದರೆ ಮೂರು ತಿಂಗಳಲ್ಲ, ಮೂರು ವರ್ಷವಾದರೂ ಇಳಿಯಲಾರ.

ಮೊದಲ ವಾರದ ಇಳಿತಕ್ಕೆ ಇನ್ನೊಂದು ಕಾರಣವಿದೆ. ಪಿಷ್ಟಾಹಾರವನ್ನು ಹಠಾತ್ತನೆ ಕಡಿಮೆ ಮಾಡಿದಾಗ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿದ್ದ ಗ್ಲೈಕೋಜೆನ್ ಕರಗುತ್ತದೆ. ಅದರ ಒಂದೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರೂ ಹೊರಹೋಗುತ್ತದೆ. ಆದುದರಿಂದ ಆರಂಭದಲ್ಲಿ ತಕ್ಕಡಿ ತೋರಿಸುವ ಒಂದೆರಡು ಕಿಲೋ ಬಹುಪಾಲು ನೀರಿನದು, ಮೇದಸ್ಸಿನದಲ್ಲ. ಪಥ್ಯವನ್ನು ಬಿಟ್ಟೊಡನೆ ಅದು ಮರಳಿ ಬರುತ್ತದೆ.

ಇಂತಹ ಪಥ್ಯದ ಪ್ರಸಿದ್ಧ ಪೂರ್ವಜನೊಬ್ಬನು ಲಂಡನ್ನಿನಲ್ಲಿದ್ದನು. ವಿಲಿಯಂ ಬ್ಯಾಂಟಿಂಗ್ ಎಂಬಾತ ರಾಜಮನೆತನದವರ ಶವಸಂಸ್ಕಾರದ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಗೃಹಸ್ಥ. ಐದಡಿ ಐದಂಗುಲದ ಆತನ ತೂಕವು 1862ರ ಆಗಸ್ಟಿನಲ್ಲಿ 202 ಪೌಂಡುಗಳಿಗೇರಿತ್ತು. ಕಿವಿ ಮಂದವಾಗಿದೆಯೆಂದು ವಿಲಿಯಂ ಹಾರ್ವೆ ಎಂಬ ಕಿವಿವೈದ್ಯನ ಬಳಿಗೆ ಹೋದಾಗ, ಆ ವೈದ್ಯನು ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಹೇಳಿದನು. ಮರುವರ್ಷದ ಸೆಪ್ಟೆಂಬರಿನ ವೇಳೆಗೆ 46 ಪೌಂಡು, ಅಂದರೆ ಸುಮಾರು 21 ಕಿಲೋ ಇಳಿದು ಹೋಗಿತ್ತು. ಹರ್ಷಗೊಂಡ ಬ್ಯಾಂಟಿಂಗ್ 1863ರಲ್ಲಿ ಸ್ಥೂಲತೆಯನ್ನು ಕುರಿತ ಚಿಕ್ಕ ಪುಸ್ತಿಕೆಯನ್ನು ಅಚ್ಚುಹಾಕಿಸಿ ಮೊದಮೊದಲು ಪುಕ್ಕಟೆಯಾಗಿಯೇ ಹಂಚಿದನು. ಅವನ ಹೆಸರು ಇಂಗ್ಲಿಷಿನಲ್ಲಿ ಕ್ರಿಯಾಪದವೇ ಆಯಿತು. ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಪಥ್ಯ ಮಾಡಿ ಇಳಿಯುವುದಕ್ಕೆ ಅದೇ ಮಾತು. ಸ್ವಾರಸ್ಯವೇನೆಂದರೆ, ಬ್ರೆಡ್ಡನ್ನು ಬಿಟ್ಟನೆನ್ನಲಾದ ಆತನ ದಿನಚರಿಯಲ್ಲಿ ಬೆಳಗಿನ ಹೊತ್ತು ಒಂದು ಔನ್ಸು ಒಣ ಟೋಸ್ಟು ಉಳಿದೇ ಇತ್ತು. ಆತ ಇಳಿದದ್ದು ಗೋಧಿಯು ಸಂಪೂರ್ಣವಾಗಿ ನಿಂತುದರಿಂದಲ್ಲ; ಬ್ರೆಡ್ಡಿನ ರಾಶಿ, ಅದರ ಮೇಲಿನ ಬೆಣ್ಣೆ, ಪಕ್ಕದ ಬಿಯರು ಇವೆಲ್ಲ ಒಟ್ಟಿಗೆ ಹೋದುದರಿಂದ.

ಗೋಧಿಯೊಂದೇ ಅಪರಾಧಿಯೆಂಬ ವಾದಕ್ಕೆ ನಮ್ಮ ಕಾಲದಲ್ಲಿ ಬಲ ಬಂದುದು ಅಮೆರಿಕದ ಹೃದ್ರೋಗ ವೈದ್ಯ ವಿಲಿಯಂ ಡೇವಿಸ್ 2011ರಲ್ಲಿ ಪ್ರಕಟಿಸಿದ ‘ವೀಟ್ ಬೆಲ್ಲಿ’ ಎಂಬ ಗ್ರಂಥದಿಂದ. ಗಿಡ್ಡತಳಿಯ ಹೊಸ ಗೋಧಿಯು ಹಸಿವನ್ನು ಕೆರಳಿಸಿ ಹೊಟ್ಟೆಯ ಸುತ್ತ ಕೊಬ್ಬನ್ನು ಕೂಡಿಸುತ್ತದೆಂದು ಅವರ ಪ್ರತಿಪಾದನೆ. ಪುಸ್ತಕವು ಲಕ್ಷಾಂತರ ಓದುಗರನ್ನು ತಲುಪಿತು. ವಾದಕ್ಕೆ ಬೇಕಾದ ಪ್ರಮಾಣ ಮಾತ್ರ ಅಷ್ಟು ಬೇಗ ಒದಗಲಿಲ್ಲ. ಉಳಿದೆಲ್ಲವನ್ನೂ ಸಮನಾಗಿಟ್ಟು ಗೋಧಿಯನ್ನಷ್ಟೇ ತೆಗೆದಾಗ ಆರೋಗ್ಯವಂತರು ಇಳಿಯುತ್ತಾರೆಂಬುದು ಪ್ರಯೋಗಗಳಿಂದ ಸ್ಥಾಪಿತವಾಗಿಲ್ಲ. ಬೇರೆ ಎರಡು ಪ್ರಯೋಗಗಳು ಈ ವಿಷಯಕ್ಕೆ ಹೆಚ್ಚು ಬೆಳಕು ಚೆಲ್ಲುತ್ತವೆ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರ ವರ್ಷಾವಧಿಯ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಜಿಡ್ಡನ್ನು ಕಡಿಮೆ ಮಾಡಲು, ಇನ್ನೊಂದಕ್ಕೆ ಪಿಷ್ಟವನ್ನು ಕಡಿಮೆ ಮಾಡಲು ಹೇಳಲಾಗಿತ್ತು. ಮೊದಲನೆಯ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6.0 ಕಿಲೋ ಇಳಿಯಿತು. ಗಣನೆಗೆ ಬರುವ ವ್ಯತ್ಯಾಸವೇ ಇಲ್ಲ. ಎರಡೂ ಗುಂಪಿನವರು ಸಕ್ಕರೆಯನ್ನೂ ನುಣುಪು ಹಿಟ್ಟಿನ ತಿನಿಸುಗಳನ್ನೂ ಬಿಡಬೇಕೆಂಬ ಸೂಚನೆ ಸಾಮಾನ್ಯವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ಎರಡು ವಾರ ಕಾರ್ಖಾನೆಯ ಸಿದ್ಧಾಹಾರದ ಮೇಲೂ, ಎರಡು ವಾರ ಸಹಜ ಪದಾರ್ಥಗಳಿಂದ ಮಾಡಿದ ಅಡುಗೆಯ ಮೇಲೂ ಇರಿಸಿ, ಬೇಕಾದಷ್ಟು ಉಣ್ಣಲು ಬಿಟ್ಟರು. ಸಿದ್ಧಾಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಉಂಡರು. ತೂಕವು ಒಂದರಲ್ಲಿ 0.9 ಕಿಲೋ ಏರಿತು, ಇನ್ನೊಂದರಲ್ಲಿ ಅಷ್ಟೇ ಇಳಿಯಿತು. ಬಿಸ್ಕೀಟಿನ ಪೊಟ್ಟಣವನ್ನು ಬಿಚ್ಚಿದವನು ಅರ್ಧಕ್ಕೆ ನಿಲ್ಲಿಸಲಾರನೆಂಬುದು ಪ್ರತಿ ಮನೆಯ ಅನುಭವವೇ ಆಗಿದೆ.

ಗೋಧಿಯನ್ನು ಬಿಟ್ಟ ಮೇಲೆ ಹೊಟ್ಟೆಯುಬ್ಬರ ನಿಂತು ಹಗುರವೆನಿಸಿತೆಂದು ಹೇಳುವವರೂ ಉಂಟು. ಇದೂ ಸುಳ್ಳಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಶರ್ಕರದ ಸರಪಳಿಗಳಿದ್ದು, ಅವು ಕರುಳಿನಲ್ಲಿ ಹುಳಿತು ವಾಯುವನ್ನುಂಟುಮಾಡುತ್ತವೆ. ಗ್ಲುಟೆನ್ ತಮಗೆ ಆಗದೆಂದು ನಂಬಿದ್ದ 59 ಜನರ ಮೇಲೆ ನಾರ್ವೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯಾವುದನ್ನು ತಿನ್ನುತ್ತಿದ್ದೇವೆಂಬುದು ತಿಳಿಯದಂತೆ ಕೊಟ್ಟಾಗ ಗ್ಲುಟೆನಿಗಿಂತ ಫ್ರಕ್ಟಾನ್ ಹೆಚ್ಚು ತೊಂದರೆ ಕೊಟ್ಟಿತು. ಉಳ್ಳಾಗಡ್ಡಿ ಬೆಳ್ಳುಳ್ಳಿಗಳಲ್ಲಿಯೂ ಅದೇ ಫ್ರಕ್ಟಾನ್ ಇದೆ. ಉಬ್ಬರ ಇಳಿದು ನಡುಪಟ್ಟಿ ಸಡಿಲವಾದುದನ್ನು ಕೊಬ್ಬು ಕರಗಿತೆಂದು ಭಾವಿಸುವುದು ಸಹಜವಾದ ತಪ್ಪು.

ಇನ್ನು ಗೋಧಿಯನ್ನು ಬಿಡಲೇಬೇಕಾದವರ ವಿಚಾರ. ಈ ಲೇಖನದ ತಿರುಳು ಇಲ್ಲಿದೆ.

ಗೋಧಿಹಿಟ್ಟನ್ನು ನೀರಿನಲ್ಲಿ ನಾದಿ ಪಿಷ್ಟವನ್ನು ತೊಳೆದು ತೆಗೆದರೆ ಕೈಯಲ್ಲಿ ಅಂಟಿನ ಮುದ್ದೆಯೊಂದು ಉಳಿಯುತ್ತದೆ. ಅದೇ ಗ್ಲುಟೆನ್ ಎಂಬ ಸಸಾರಜನಕ. ಚಪಾತಿಯನ್ನು ಹರಿಯದಂತೆ ಲಟ್ಟಿಸಲು ಸಾಧ್ಯವಾಗುವುದು ಅದರಿಂದ; ಜೋಳದಲ್ಲಿ ಅದಿಲ್ಲದ್ದರಿಂದಲೇ ರೊಟ್ಟಿಯನ್ನು ಎಸರಿನಲ್ಲಿ ನಾದಿ ಬಡಿಯಬೇಕಾಗುತ್ತದೆ. ಹುಟ್ಟಿನಿಂದ ಬಂದ ಕೆಲವು ಅಂಶಗಳುಳ್ಳ ಜನರಲ್ಲಿ ಈ ಗ್ಲುಟೆನ್ ದೇಹದ ರಕ್ಷಣಾವ್ಯವಸ್ಥೆಯನ್ನು ತನ್ನದೇ ಕರುಳಿನ ಮೇಲೆ ತಿರುಗಿಸುತ್ತದೆ. ಸಣ್ಣ ಕರುಳಿನ ಒಳಮೈಯಲ್ಲಿ ಆಹಾರರಸವನ್ನು ಹೀರುವ ಬೆರಳಿನಾಕಾರದ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಇದು ಸೀಲಿಯಾಕ್ ರೋಗ. ಇದರಿಂದ ಬಳಲುವ ಮಗು ಕೈಕಾಲು ಸೊರಗಿ, ಹೊಟ್ಟೆ ಮುಂದೆ ಬಂದು, ಬೆಳವಣಿಗೆ ನಿಂತು, ದಿನೇ ದಿನೇ ನಿಸ್ತೇಜವಾಗುತ್ತದೆ.

ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಿದ್ದರೆ ಪಥ್ಯದಿಂದಲೇ ಆಗಬೇಕೆಂದು ಬರೆದನು. ಹಿಟ್ಟಿನ ಪದಾರ್ಥಗಳನ್ನು ಮಿತಗೊಳಿಸಬೇಕೆಂದು ಹೇಳಿದವನೇ, ತೆಳ್ಳಗೆ ಕೊಯ್ದು ಎರಡೂ ಕಡೆ ಸುಟ್ಟ ಬ್ರೆಡ್ಡನ್ನು ಕೊಡಬಹುದೆಂದನು. ಬ್ಯಾಂಟಿಂಗನ ಟೋಸ್ಟು ಅವನಿಗೇನೂ ಕೆಡುಕು ಮಾಡಲಿಲ್ಲ. ಈ ಮಕ್ಕಳಿಗಾದರೋ ಅದೇ ವಿಷ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದನು. ಮಕ್ಕಳು ಚೇತರಿಸಿಕೊಂಡರು, ಬಾಳೆಹಣ್ಣಿಗೆ ಕೀರ್ತಿ ಬಂದಿತು. ಆ ಪಥ್ಯದಲ್ಲಿ ಬ್ರೆಡ್ಡಿಗೆ ಅವಕಾಶವಿರಲಿಲ್ಲವೆಂಬುದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ತಟ್ಟೆಗೆ ಬಂದುದನ್ನು ಎಲ್ಲರೂ ನೋಡಿದರು, ತಟ್ಟೆಯಿಂದ ಹೋದುದನ್ನು ನೋಡಲಿಲ್ಲ. ಇಂದಿನ ಗೋಧಿತ್ಯಾಗಿಗಳದು ಇದಕ್ಕೆ ಸರಿಯಾಗಿ ತಿರುಗುಮುರುಗಾದ ತಪ್ಪು.

ಗುಟ್ಟನ್ನು ಬಿಡಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ (1905-1962). ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿದ್ದ ಆತನಿಗೆ ಗೋಧಿಯ ಮೇಲೆ ಸಂದೇಹ ಮೂಡಿದ್ದು 1930ರ ದಶಕದಲ್ಲಿಯೇ. ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಜರ್ಮನರು ಆಹಾರ ಸಾಗಣೆಯನ್ನು ತಡೆಗಟ್ಟಿದ್ದರಿಂದ ಹಾಲೆಂಡಿನ ಪಶ್ಚಿಮ ಭಾಗದಲ್ಲಿ ಘೋರ ಬರಗಾಲ ಉಂಟಾಯಿತು; ಸುಮಾರು ಇಪ್ಪತ್ತು ಸಾವಿರ ಜನ ಸತ್ತರು. ಜನ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನೂ ಬೇಯಿಸಿ ತಿಂದರು. ಎಲ್ಲರೂ ಸೊರಗುತ್ತಿದ್ದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಮಾತ್ರ ನಿರೀಕ್ಷೆಗೆ ವಿರುದ್ಧವಾಗಿ ಸುಧಾರಿಸಿದರೆಂದೂ, ಯುದ್ಧ ಮುಗಿಯುತ್ತ ಬ್ರೆಡ್ಡು ಬಂದೊಡನೆ ಮತ್ತೆ ಕುಸಿದರೆಂದೂ ಹೇಳಲಾಗುತ್ತದೆ. ಬರಗಾಲವೇ ಈ ಶೋಧವನ್ನು ಡಿಕೆಗೆ ಒಪ್ಪಿಸಿತೆಂಬ ಕಥೆ ಕೇಳಲು ಚೆನ್ನ. ವಾಸ್ತವವಾಗಿ ಬರಗಾಲವು ಅವನ ಮೊದಲಿನ ಸಂದೇಹವನ್ನು ಗಟ್ಟಿಮಾಡಿತಷ್ಟೆ. ಅನಂತರ ಆತ ಮಾಡಿದ ಕೆಲಸ ಕಥೆಗಿಂತ ದೊಡ್ಡದು. ಕೆಲವೇ ಮಕ್ಕಳನ್ನು ದೀರ್ಘಕಾಲ ಇರಿಸಿಕೊಂಡು, ಗೋಧಿಯನ್ನು ಕೊಟ್ಟ ಮತ್ತು ಕೊಡದ ಅವಧಿಗಳಲ್ಲಿ ಅವರ ತೂಕವನ್ನೂ ಎತ್ತರವನ್ನೂ ತಾಳ್ಮೆಯಿಂದ ಬರೆದಿಟ್ಟನು. ಗೋಧಿ ನಿಂತಾಗ ತೂಕದ ರೇಖೆ ಮೇಲೇರುತ್ತಿತ್ತು. ಗೋಧಿ ಮರಳಿದಾಗ ಬಾಗುತ್ತಿತ್ತು. 1950ರಲ್ಲಿ ಉಟ್ರೆಕ್ಟಿನಲ್ಲಿ ಅದು ಅವನ ಪ್ರೌಢಪ್ರಬಂಧವಾಯಿತು. ಸಹೋದ್ಯೋಗಿಗಳಾದ ವಾನ್ ಡೆ ಕಾಮರ್ ಮತ್ತು ವೈಯರ್ಸ್ ಮಲದಲ್ಲಿ ನಷ್ಟವಾಗುವ ಜಿಡ್ಡನ್ನು ಅಳೆದು, ದೋಷವು ಗೋಧಿಯ ಪಿಷ್ಟದಲ್ಲಿಲ್ಲ, ಅಂಟಿನಲ್ಲಿದೆಯೆಂದು ತೋರಿಸಿಕೊಟ್ಟರು.

ಈ ರೋಗವು ಜಗತ್ತಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗಿದೆಯೆಂದು ಅಂದಾಜು. ಭಾರತದ ಮೂರು ಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಉತ್ತರದ ವಯಸ್ಕರಲ್ಲಿ ಶೇಕಡಾ 1.2ರಷ್ಟೂ, ದಕ್ಷಿಣದವರಲ್ಲಿ ಶೇಕಡಾ 0.1ರಷ್ಟೂ ಕಂಡುಬಂದಿತು. ರೋಗಕ್ಕೆ ಎಡೆಮಾಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚು ಭೇದವಿಲ್ಲದೆ ಇದ್ದವು. ಭೇದವಿದ್ದುದು ಗೋಧಿಯ ಬಳಕೆಯಲ್ಲಿ. ದಕ್ಷಿಣದ ಮನೆಗಳಲ್ಲಿ ಗೋಧಿ ದಿನದ ಧಾನ್ಯವಾಗುತ್ತಿರುವಾಗ ಈ ಅಂಕಿಯನ್ನು ಲಘುವಾಗಿ ಕಾಣಲಾಗದು. ಸಾವಿರಕ್ಕೊಂದೇ ಆಗಿರಲಿ, ಸಾವಿರ ಮಕ್ಕಳಿರುವ ಶಾಲೆಯಲ್ಲಿ ಆ ಒಂದು ಮಗು ಯಾವುದೆಂದು ತಿಳಿಯಬೇಕಾಗುತ್ತದೆ. ಓರಗೆಯವರಿಗಿಂತ ಗಿಡ್ಡನಾದ, ಕಬ್ಬಿಣದ ಗುಳಿಗೆಗಳನ್ನು ನುಂಗಿದರೂ ರಕ್ತಹೀನತೆ ಹೋಗದ, ಆಗಾಗ ಹೊಟ್ಟೆ ಕೆಡುವ ವಿದ್ಯಾರ್ಥಿಯನ್ನು ಆಟದ ಶಿಕ್ಷಕರೋ ಪ್ರಸಾದ ನಿಲಯದ ಮೇಲ್ವಿಚಾರಕರೋ ವೈದ್ಯರಿಗಿಂತ ಮೊದಲು ಗುರುತಿಸಬಲ್ಲರು. ವಯಸ್ಕರಲ್ಲಿ ರೋಗವು ಸಾಮಾನ್ಯ ತೂಕದವರಲ್ಲಿಯೂ, ದಪ್ಪಗಿರುವವರಲ್ಲಿಯೂ ಅಡಗಿರಬಹುದು.

ತೂಕ ಇಳಿಸುವ ಆತುರದಲ್ಲಿ ಗೋಧಿಯನ್ನು ಬಿಡುವುದರ ನಿಜವಾದ ಅಪಾಯವು ಇಲ್ಲಿಯೇ ಇದೆ. ರೋಗವನ್ನು ಗುರುತಿಸುವ ರಕ್ತಪರೀಕ್ಷೆಯೂ, ಕರುಳಿನ ಚೂರನ್ನು ತೆಗೆದು ನೋಡುವ ಪರೀಕ್ಷೆಯೂ ರೋಗಿಯು ಗೋಧಿಯನ್ನು ಉಣ್ಣುತ್ತಿರುವಾಗ ಮಾತ್ರ ನಂಬಲರ್ಹ. ಮೊದಲೇ ಬಿಟ್ಟುಬಿಟ್ಟರೆ ಪ್ರತಿಕಾಯಗಳು ಇಳಿದು, ಕರುಳು ಮಾಯ್ದು, ಪರೀಕ್ಷೆ ನಿರ್ದೋಷಿಯೆಂದು ಸಾರುತ್ತದೆ. ಆಗ ಸತ್ಯವನ್ನರಿಯಲು ವಾರಗಟ್ಟಲೆ ಮತ್ತೆ ಗೋಧಿಯನ್ನು ತಿನ್ನಬೇಕಾಗುತ್ತದೆ. ಆದಕಾರಣ ಸಂದೇಹವುಳ್ಳವರು ಪರೀಕ್ಷೆ ಮೊದಲು, ಪಥ್ಯ ಆಮೇಲೆ ಎಂಬ ಕ್ರಮವನ್ನು ತಪ್ಪಬಾರದು. ಮಧುಮೇಹಕ್ಕೆ ಇನ್ಸುಲಿನ್ ಇಲ್ಲವೆ ಗುಳಿಗೆ ತೆಗೆದುಕೊಳ್ಳುವವರು ಪಿಷ್ಟವನ್ನು ಒಮ್ಮೆಲೇ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಅವರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಪೇಟೆಯಲ್ಲಿ ಗ್ಲುಟೆನ್‌ರಹಿತವೆಂದು ಮಾರುವ ಬಿಸ್ಕೀಟು ಬ್ರೆಡ್ಡುಗಳು ಬಹುಮಟ್ಟಿಗೆ ಅಕ್ಕಿ, ಮೆಕ್ಕೆಜೋಳ, ಮರಗೆಣಸಿನ ಪಿಷ್ಟದಿಂದ ಆದವು. ಜಿಡ್ಡು ಸಕ್ಕರೆಗಳು ಅವುಗಳಲ್ಲಿಯೂ ಉಂಟು. ಇಳಿಯಬೇಕೆಂದು ದುಬಾರಿ ಬೆಲೆ ತೆತ್ತು ಅವನ್ನು ತಿಂದವರು ಏರಿದ ನಿದರ್ಶನಗಳಿಗೆ ಕೊರತೆಯಿಲ್ಲ. ಹಾಗೆಯೇ ಜೋಳವೊಂದನ್ನೇ ನೆಚ್ಚುವುದೂ ಸಲ್ಲದು. ದಖ್ಖನ್ನಿನ ಬಡ ಜೋಳಾಹಾರಿಗಳಲ್ಲಿ ಪೆಲ್ಲಾಗ್ರ ಎಂಬ ಚರ್ಮರೋಗ ಕಾಣುವುದನ್ನು ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಯ್ಯ 1960ರಲ್ಲಿ ಚರ್ಚಿಸಿದ್ದರು. ರೊಟ್ಟಿಯ ಜೊತೆಗೆ ಬೇಳೆ, ಸೊಪ್ಪು, ಮಜ್ಜಿಗೆ ಇರಬೇಕೆಂಬ ಹಳೆಯ ಪದ್ಧತಿಗೆ ಅರ್ಥವಿತ್ತು.

ಸೀಲಿಯಾಕ್ ನಿಶ್ಚಯವಾದ ಮಗುವಿಗಾದರೋ ಪಥ್ಯವು ಜೀವನಪರ್ಯಂತದ್ದು, ಒಂದು ಚಿಟಿಕೆಯ ವಿನಾಯಿತಿಯೂ ಇಲ್ಲದ್ದು. ಗ್ಲುಟೆನ್‌ರಹಿತವೆಂದು ಕರೆಯಿಸಿಕೊಳ್ಳಲು ಆಹಾರದ ಒಂದು ಕಿಲೋದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ನಮ್ಮ ದೇಶದ ನಿಯಮವಿದೆ. ಇದರಿಂದ ಎಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನು ಊಹಿಸಬಹುದು. ಜವೆಗೋಧಿ ಹಳೆಯ ತಳಿಯೆಂಬ ಕಾರಣಕ್ಕೆ ನಿರಪಾಯವಲ್ಲ. ಅದರಲ್ಲಿಯೂ ಗ್ಲುಟೆನ್ ಇದೆ. ರವೆ, ಶ್ಯಾವಿಗೆ, ಮೈದಾ ಎಲ್ಲವೂ ಗೋಧಿಯೇ. ಒಗ್ಗರಣೆಯ ಇಂಗಿನಲ್ಲಿಯೂ ಅನೇಕ ವೇಳೆ ಮೈದಾ ಬೆರೆತಿರುತ್ತದೆ. ಚಪಾತಿಯ ಹಿಟ್ಟು ಉದುರಿದ ಮಣೆಯ ಮೇಲೆ ರೊಟ್ಟಿ ಬಡಿಯುವಂತಿಲ್ಲ, ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯುವಂತಿಲ್ಲ. ನೂರಾರು ಮಕ್ಕಳಿಗೆ ಬೇಯಿಸುವ ಅಡುಗೆಮನೆಯಲ್ಲಿ ಇದು ಕಷ್ಟವಾದರೂ ಅಸಾಧ್ಯವಲ್ಲ. ಬೇರೆ ಹಂಚು, ಬೇರೆ ಸೌಟು, ಮುಚ್ಚಳವಿರುವ ಬೇರೆ ಹಿಟ್ಟಿನ ಡಬ್ಬಿ ಇಷ್ಟಿದ್ದರೆ ದಿನದ ಊಟ ಸಾಗುತ್ತದೆ. ತೊಡಕು ಬರುವುದು ಜಾತ್ರೆಯ ದಿನ. ಅಂದು ಪಂಕ್ತಿಯಲ್ಲೆಲ್ಲ ಗೋಧಿಹುಗ್ಗಿಯ ಕೊಪ್ಪರಿಗೆ ತಿರುಗುತ್ತಿರುವಾಗ, ಆ ಒಂದು ಮಗುವಿನ ಎಲೆಗೆ ಬಡಿಸಲು ಅಕ್ಕಿಯ ಪಾಯಸವನ್ನು ಬೆಳಿಗ್ಗೆಯೇ ಬೇರೆ ಪಾತ್ರೆಯಲ್ಲಿ ಮಾಡಿ, ಮುಚ್ಚಿಟ್ಟಿರಬೇಕಾಗುತ್ತದೆ.